ಕೆಂಚಿಗೆ ಹಾಕಿದ ಸೂಜಿ

ಕಂಪ್ಲಿಯ ಬಸ್‌ಸ್ಟ್ಯಾಂಡಿನಿಂದ ಹೊಳೆಯ ಕಡೆ ನಾಲ್ಕು ಹೆಜ್ಜೆ ನಡೆದರೆ ದನಕರುಗಳ ಔಷಧಿ ಮಾರುವ ಒಂದು ಅಂಗಡಿ ಇದೆ. ಅದು ನನ್ನದು. ಹೆಸರು ಉಚ್ಚೆಂಗಪ್ಪ. ಬರೀ ಉಚ್ಚೆಂಗಪ್ಪ ಎಂದರೆ ಯಾರಿಗೂ ತಿಳಿಯುವುದಿಲ್ಲ. ಸೂಜಿ ಉಚ್ಚೆಂಗಪ್ಪ ಎಂದು ಕೇಳಿ, ಇತ್ತ ಗಾದಿಗನೂರಿನಿಂದ ಅತ್ತ ಸಂಡೂರಿನ ಯಶವಂತನಗರದವರೆಗೆ ಯಾರು ಬೇಕಾದರೂ ಕೈ ಮಾಡಿ ತೋರಿಸುತ್ತಾರೆ. ನಾನು ಓದಿದ್ದು ಹತ್ತನೇ ಕ್ಲಾಸು, ಅದೂ ಎರಡನೇ ಸಲಕ್ಕೆ ಪಾಸು. ಒಬ್ಬ ಹಳೆಯ ಪಶುವೈದ್ಯರ ಬ್ಯಾಗು ಹೊತ್ತು ಆರು ವರ್ಷ ತಿರುಗಿದೆ. ಅವರು ತೀರಿಕೊಂಡರು, ಸೂಜಿ ನನ್ನ ಕೈಗೆ ಬಂತು. ಜನ ಡಾಕ್ಟರೇ ಅಂದರು, ನಾನು ಓ ಅಂದೆ. ಇದರಲ್ಲಿ ಜನರ ತಪ್ಪು ಏನೂ ಇಲ್ಲ.

ನನ್ನ ಹೆಸರು ನಿಂತದ್ದು ಒಂದೇ ಸೂಜಿಯಿಂದ. ಹೆಣ್ಣುನಾಯಿ ಬೆದೆಗೆ ಬಂದರೆ ಹತ್ತು ಗಂಡುನಾಯಿ ಬಾಗಿಲಿಗೆ ಬಂದು ಕೂರುತ್ತವೆ. ಕಾಯಬೇಕಾದ ನಾಯಿ ಕಾವಲು ಬಿಟ್ಟು ಅವುಗಳ ಹಿಂದೆ ಹೋಗುತ್ತದೆ. ಅಕ್ಕಿ ಮಿಲ್ಲಿನವರಿಗೆ, ಅದಿರು ಲಾರಿ ತೂಗುವ ವೇಬ್ರಿಜ್ಜಿನವರಿಗೆ, ತೋಟದವರಿಗೆ ಇದೊಂದು ದೊಡ್ಡ ತಲೆನೋವು. ಆರು ತಿಂಗಳಿಗೊಮ್ಮೆ ನನ್ನ ಸೂಜಿ ಬಿದ್ದರೆ ಬೆದೆಯೂ ಇಲ್ಲ, ಮರಿಯೂ ಇಲ್ಲ, ರಗಳೆಯೂ ಇಲ್ಲ. ಸೂಜಿ ಹಾಕಿದ ಮನೆಯ ಕ್ಯಾಲೆಂಡರಿನಲ್ಲಿ ಆರು ತಿಂಗಳು ಮುಂದಿನ ತಾರೀಖಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ 'ನಾಯಿ' ಎಂದು ಬರೆದು ಬರುತ್ತಿದ್ದೆ. ಯಾರಾದರೂ ಆಪರೇಷನ್ ಮಾತೆತ್ತಿದರೆ ನಗುತ್ತಿದ್ದೆ. "ಗರ್ಭಕೋಶ ತೆಗಿಸಿದ್ರ ನಾಯಿ ಬೊಗಳಾದ್ ಬಿಡ್ತೈತಿ, ಎಮ್ಮಿ ಆಗಿ ಬೀಳ್ತೈತಿ," ಅನ್ನುತ್ತಿದ್ದೆ. ಯಾರಿಂದ ಕೇಳಿದ್ದೆನೋ ನೆನಪಿಲ್ಲ. ಬಾಯಿಗೆ ಚೆನ್ನಾಗಿ ಕೂತಿತ್ತು, ಅಷ್ಟೆ.

ಕಮಲಾಪುರದ ಹುಲುಗಮ್ಮ ನನಗೆ ಒಡಹುಟ್ಟಿದವಳಲ್ಲ. ಅವಳ ಗಂಡ ನನ್ನ ಗೆಳೆಯ. ಅವನು ಹೋದ ಮೇಲೆ ಅವಳು ನನ್ನನ್ನೇ ತವರುಮನೆ ಮಾಡಿಕೊಂಡಳು. ಪ್ರತಿ ವರ್ಷ ನಾಗರಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಬರುವವಳು. ಅವಳಿಗೆ ಗುಡ್ಡದ ಬುಡದಲ್ಲಿ ಒಂದೂವರೆ ಎಕರೆ ಬಾಳೆತೋಟ. ಗುಡ್ಡದಲ್ಲಿ ಕರಡಿಗಳಿವೆ, ಹಣ್ಣಿನ ವಾಸನೆಗೆ ಇಳಿಯುತ್ತವೆ. ಒಮ್ಮೆ ಬೆಳಿಗ್ಗೆ ನೀರು ಕಟ್ಟಲು ಹೋದಾಗ ಕರಡಿ ಎದುರಿಗೇ ಬಂದಿತ್ತು. ಅವಳ ನಾಯಿ ಕೆಂಚಿ ಅದರ ಮೇಲೆ ಬಿದ್ದು, ಅವಳು ರಸ್ತೆ ಮುಟ್ಟುವವರೆಗೆ ಬಿಡಲಿಲ್ಲ. ಕೆಂಚಿಯ ಅರ್ಧ ಕಿವಿ ಹರಿದು ಹೋಯಿತು, ಹೊಲಿದವನು ನಾನು. ಅಂದಿನಿಂದ ಕೆಂಚಿ ಮುಂದೆ ನಡೆಯದೆ ಹುಲುಗಮ್ಮ ತೋಟಕ್ಕೆ ಕಾಲಿಟ್ಟವಳಲ್ಲ. ಕೆಂಚಿ ಇದ್ದರೆ ತೋಟ, ತೋಟವಿದ್ದರೆ ಅವಳು.

ಆ ಕೆಂಚಿಗೆ ಆರು ವರ್ಷ ನಾನು ಬೆದೆ ಸೂಜಿ ಹಾಕಿದೆ.

ಹನ್ನೊಂದನೇ ಸೂಜಿಗೆ ಹೋದಾಗ ಹುಲುಗಮ್ಮ ನಾಯಿಯನ್ನು ಮಗ್ಗುಲಿಗೆ ಮಲಗಿಸಿದಳು. "ಅಣ್ಣಾ, ಇಲ್ಲಿ ಏನೋ ಕೈಗೆ ಹತ್ತತೈತಿ ನೋಡು," ಅಂದಳು. ಎಡಗಡೆಯ ಮೊಲೆಸಾಲಿನಲ್ಲಿ ಹಿಂದಿನಿಂದ ಎರಡನೆಯದು. ಕಡಲೆಕಾಳಿನಷ್ಟು ಗಂಟು. "ಹಾಲು ಗಂಟು ಬಿಡವ್ವ, ಕರಗ್ತೈತಿ," ಎಂದು ಹೇಳಿ ಸೂಜಿ ಚುಚ್ಚಿ ಬಂದೆ. ಆರು ತಿಂಗಳಿಗೆ ಅದು ನೆಲ್ಲಿಕಾಯಿಯಷ್ಟಾಗಿತ್ತು. ಐದು ದಿನ ಆ್ಯಂಟಿಬಯೋಟಿಕ್ ಕೊಟ್ಟೆ, ಔಡಲ ಎಲೆ ಬಿಸಿ ಮಾಡಿ ಕಟ್ಟಲು ಹೇಳಿದೆ, ಬೆದೆ ಸೂಜಿಯನ್ನು ಮತ್ತೆ ಹಾಕಿದೆ. ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ ಇಟ್ಟು ಬಂದೆ ಎಂದು ನನಗೆ ತಿಳಿದಿರಲಿಲ್ಲ. ಮತ್ತೆ ಆರು ತಿಂಗಳಿಗೆ ನಿಂಬೆಹಣ್ಣಿನಷ್ಟು. ಚರ್ಮ ಒಡೆದು ನೊಣ ಮುತ್ತುತ್ತಿದ್ದವು. ಅದರ ಕೆಳಗೆ ಇನ್ನೊಂದು ಸಣ್ಣದು ಎದ್ದಿತ್ತು. ಕೆಂಚಿ ನನ್ನ ಕೈ ನೆಕ್ಕಿತು. ನನಗೆ ಆಗ ಹೆದರಿಕೆಯಾಯಿತು.

ಹೊಸಪೇಟೆಗೆ ಕರೆದುಕೊಂಡು ಹೋದೆವು. ಅಲ್ಲಿ ಶಾಂಭವಿ ಎಂಬ ಹೊಸ ಡಾಕ್ಟರಮ್ಮ ಕ್ಲಿನಿಕ್ ಇಟ್ಟಿದ್ದಳು. ನನ್ನ ಮಗಳ ವಯಸ್ಸಿನವಳು. ಕೆಂಚಿಯನ್ನು ಮೇಜಿನ ಮೇಲೆ ಮಲಗಿಸಿ ಹತ್ತೂ ಮೊಲೆಗಳನ್ನು ಒಂದೊಂದಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಬೆರಳಲ್ಲಿ ತಡಕಿದಳು. ತೊಡೆಯ ಸಂದಿನಲ್ಲೂ ಒತ್ತಿ ನೋಡಿದಳು.

"ಎಷ್ಟು ದಿನದಿಂದ ಐತ್ರಿ ಇದು?"

"ಒಂದು ವರ್ಷ ಆತ್ರಿ," ಅಂದಳು ಹುಲುಗಮ್ಮ.

"ವರ್ಷ? ಅಲ್ಲೀತನಕ ಏನ್ ಮಾಡಿದ್ರಿ?"

ಹುಲುಗಮ್ಮ ನನ್ನ ಕಡೆ ನೋಡಲೇ ಇಲ್ಲ. "ನನ್ನ ದಡ್ಡತನ ರೀ. ಹಾಲು ಗಂಟು ಅನ್ಕೊಂಡು ಸುಮ್ಕ ಬಿಟ್ಟೆ," ಅಂದಳು. ನನಗೆ ಲೈಸೆನ್ಸ್ ಇಲ್ಲ, ತೊಂದರೆಯಾದೀತು ಎಂದು ನನ್ನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ನಾನು ಗೋಡೆಯ ಮೇಲಿನ ನಾಯಿಗಳ ಚಿತ್ರ ನೋಡುತ್ತ ನಿಂತೆ.

ಎಕ್ಸ್‌ರೇ ಆಯಿತು. ಶ್ವಾಸಕೋಶ ಸ್ವಚ್ಛವಿತ್ತು. ಹುಲುಗಮ್ಮ ಕೆಂಚಿಯನ್ನು ಉಚ್ಚೆ ಹೊಯ್ಯಿಸಲು ಹೊರಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಚೀಟಿ ಬರೆಯುತ್ತಲೇ ನನ್ನನ್ನು ಕೇಳಿದಳು: "ಈ ನಾಯಿಗೆ ಬೆದಿ ನಿಲ್ಲಿಸೋ ಇಂಜೆಕ್ಷನ್ ಏನಾರ ಹಾಕಿಸ್ತಿದ್ರೇನ್ರಿ?"

"ಇಲ್ರಿ ಮೇಡಮ್," ಅಂದೆ. ಎಷ್ಟು ಬೇಗ ಅಂದೆನೆಂದರೆ ಅವಳು ತಲೆಯೆತ್ತಿ ನೋಡಿದಳು.

"ಯಾಕ್ ಕೇಳಿದೆ ಅಂದ್ರ, ಆ ಇಂಜೆಕ್ಷನ್ ಬಿದ್ದ ನಾಯಿಗೋಳಿಗೆ ಈ ಗಡ್ಡಿ ಭಾಳ ಬರ್ತಾವ್ರಿ. ಮೊದಲನೇ ಬೆದಿಗಿಂತ ಮುಂಚೆ ಗರ್ಭಕೋಶ ತೆಗೆದಬಿಟ್ರ ನೂರಕ್ಕೊಂದು ನಾಯಿಗೂ ಬರಂಗಿಲ್ಲ. ನಮ್ಮ ಕಡೆ ಯಾರೋ ಊರೂರು ತಿರುಗಿ ಸೂಜಿ ಹಾಕ್ತಾನಂತ. ಯಾರಂತ ಗೊತ್ತೇನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿನ ಮೇಲೆ ಹೋಯಿತು. "ಗೊತ್ತಿಲ್ರಿ," ಅಂದೆ.

ಹುಲುಗಮ್ಮ ಒಳಗೆ ಬಂದಳು. ಡಾಕ್ಟರಮ್ಮ ಅವಳನ್ನು ಕೂರಿಸಿ ತಾಳ್ಮೆಯಿಂದ ಹೇಳಿದಳು. ಹೆಣ್ಣುನಾಯಿಯ ಮೊಲೆಗಡ್ಡೆಗಳಲ್ಲಿ ಅರ್ಧ ಸಾಧು, ಅರ್ಧ ಕೆಟ್ಟವು. ಕೈಯಲ್ಲಿ ಮುಟ್ಟಿ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಒಂದೇ ನಾಯಿಯಲ್ಲಿ ಎರಡು ಗಡ್ಡೆ ಎರಡು ಜಾತಿಯವು ಇರಬಹುದು. ಕೆಟ್ಟದ್ದು ಮೊದಲು ತೊಡೆಸಂದಿನ ಗ್ರಂಥಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಪೂರ್ತಿ ಎಡಸಾಲು ತೆಗೆದು ಗಡ್ಡೆಗಳನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಬೇಕು.

"ತೆಗಿರಿ. ನನ್ನ ಕೆಂಚಿ ಉಳೀಬೇಕಷ್ಟ," ಅಂದಳು ಹುಲುಗಮ್ಮ.

ಆಪರೇಷನ್ ಚೆನ್ನಾಗಿಯೇ ಆಯಿತು. ಹುಡುಗಿಯ ಕೈ ಹಗುರ, ಹೊಲಿಗೆ ನೋಡಿದರೆ ನನಗೆ ಹೊಟ್ಟೆಕಿಚ್ಚಾಗಬೇಕು ಹಾಗಿತ್ತು. ಹದಿನೈದು ದಿನಕ್ಕೆ ಕೆಂಚಿ ಮತ್ತೆ ತೋಟದಲ್ಲಿ ಮುಂದೆ ಮುಂದೆ ನಡೆಯತೊಡಗಿತು. ಲ್ಯಾಬಿನ ರಿಪೋರ್ಟು ಬಂದಾಗ ಡಾಕ್ಟರಮ್ಮ ನನಗೆ ಫೋನ್ ಮಾಡಿದಳು, ಚೀಟಿಯಲ್ಲಿ ನನ್ನ ನಂಬರ್ ಬರೆಸಿದ್ದೆವು. ಒಡೆದು ನೊಣ ಮುತ್ತಿದ್ದ ದೊಡ್ಡದು ಸಾಧು ಗಡ್ಡೆಯಂತೆ. ಕೆಳಗಿನ ಆ ಸಣ್ಣದೇ ಕೆಟ್ಟದ್ದು. ಕ್ಯಾನ್ಸರಿನ ಮೂರನೇ ದರ್ಜೆ, ಆಗಲೇ ಚರ್ಮದ ಒಳಗಿನ ಸಣ್ಣ ನಾಳಗಳಿಗೆ ಹೊಕ್ಕಿದೆ. "ತಿರುಗಿ ಬರೋ ಚಾನ್ಸ್ ಭಾಳ ಐತ್ರಿ. ಅಮ್ಮಗ ನಿಧಾನಕ್ಕ ತಿಳಿಸಿ ಹೇಳ್ರಿ," ಅಂದಳು.

ನಾನು ತೋಟಕ್ಕೆ ಹೋದೆ, ಹೇಳಲೆಂದೇ ಹೋದೆ. ಹುಲುಗಮ್ಮ ಬಾಳೆಕಂದು ಕೀಳುತ್ತಿದ್ದಳು. ಕೆಂಚಿ ಬದುವಿನ ಮೇಲೆ ಕೂತು ಗುಡ್ಡದ ಕಡೆ ನೋಡುತ್ತಿತ್ತು. "ರಿಪೋರ್ಟು ಬಂತೇನಣ್ಣಾ?" ಎಂದು ಕೇಳಿದಳು. ಹೇಳಿದರೆ 'ಯಾಕ ಬಂತು' ಎಂದು ಕೇಳುತ್ತಾಳೆ. ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು.

"ಎಲ್ಲಾ ಕ್ಲೀನ್ ಐತಂತವ್ವ," ಅಂದೆ. ಅವಳು ಆ ಸಂಜೆ ನನಗೆ ಹೋಳಿಗೆ ಮಾಡಿ ಹಾಕಿದಳು. ನಾನು ತಿಂದೆ. ಇಂಥ ಜನ್ಮ ನನ್ನದು.

ಆರನೇ ವಾರಕ್ಕೆ ಹೊಲಿಗೆಯ ಗೆರೆಯ ಸುತ್ತ ಕೆಂಪಾಯಿತು. ಮುಟ್ಟಿದರೆ ಕಾದ ತವೆ. ಚರ್ಮ ಗಟ್ಟಿಯಾಗಿ ಮೇಲೆಲ್ಲ ಸಣ್ಣ ಗುಳ್ಳೆ ಎದ್ದವು, ಹಿಂಗಾಲು ಕಂಬದ ಹಾಗೆ ಊದಿತು. ಹೊಲಿಗೆಗೆ ಕೀವು ಆಗಿರಬೇಕು ಎಂದುಕೊಂಡು ಹುಲುಗಮ್ಮ ಬಾಡಿಗೆ ಆಟೋದಲ್ಲಿ ಹೊಸಪೇಟೆಗೆ ಒಯ್ದಳು. ಡಾಕ್ಟರಮ್ಮ ಒಂದು ಸಲ ಮುಟ್ಟಿ ಕೈ ಹಿಂದೆ ತೆಗೆದುಕೊಂಡಳಂತೆ. ಇದು ಕೀವಲ್ಲ, ಉರಿಯೂತದ ಹಾಗೆ ಕಾಣುವ ಕ್ಯಾನ್ಸರು, ಈ ಜಾತಿಗಿಂತ ಕೆಟ್ಟದ್ದು ಬೇರೆ ಇಲ್ಲ, ಇನ್ನು ಕತ್ತರಿ ಹಾಕುವಂತಿಲ್ಲ ಎಂದಳಂತೆ. ನೋವಿಗೆ ಔಷಧಿ ಕೊಟ್ಟಳು.

"ಎಲ್ಲಾ ಕ್ಲೀನ್ ಇತ್ತಲ್ಲಣ್ಣಾ, ಮತ್ತ ಈಕಿ ಹಿಂಗಂತಾಳ?" ಎಂದು ಹುಲುಗಮ್ಮ ಫೋನಿನಲ್ಲಿ ಅತ್ತಳು. "ಗಂಟಿಗೆ ಕತ್ತರಿ ಹಾಕಿದ್ರ ಹರಡ್ತೈತಿ ಅಂತ ನಮ್ಮತ್ತಿ ಹೇಳ್ತಿದ್ಲು. ಖರೇ ಆತು ನೋಡು."

ಹನ್ನೊಂದು ದಿನ. ಕೊನೆಗೆ ಕೆಮ್ಮು ಹತ್ತಿತು. ಮಲಗಿದರೆ ಉಸಿರು ಸಾಲದು, ನಿಂತರೆ ಕಾಲು ತಡೆಯದು. ಮಧ್ಯಾಹ್ನ ಪಂಪಿನ ಮನೆಯ ನೆರಳಿನಲ್ಲಿ, ಗುಡ್ಡದ ಕಡೆ ಮುಖ ಮಾಡಿಕೊಂಡೇ ಕೆಂಚಿ ಹೋಯಿತು. ಗುಂಡಿ ತೋಡಿದವನು ನಾನು. ಅದೊಂದನ್ನಾದರೂ ಸರಿಯಾಗಿ ಮಾಡಿದೆ.

ಗುಂಡಿ ಮುಚ್ಚಿದ ಮೇಲೆ ಹುಲುಗಮ್ಮ ಅದರ ಮೇಲಿನ ಒಂದು ಬೊಗಸೆ ಮಣ್ಣು ಸೆರಗಿನಲ್ಲಿ ಕಟ್ಟಿಕೊಂಡಳು. "ನಡಿ ಅಣ್ಣಾ, ಹೊಸಪ್ಯಾಟಿಗೆ," ಅಂದಳು. ಏನು ಮಾಡಲು ಹೊರಟಿದ್ದಾಳೆಂದು ನಮ್ಮ ಕಡೆಯ ಕೂಸಿಗೂ ಗೊತ್ತಾಗುತ್ತದೆ. ಮಣ್ಣು ತೂರಿ ಹಾಕುವ ಶಾಪಕ್ಕಿಂತ ದೊಡ್ಡ ಶಾಪ ನಮ್ಮಲ್ಲಿಲ್ಲ. ಅದಕ್ಕೊಂದು ಕಟ್ಟೂ ಇದೆ: ತಪ್ಪಿಲ್ಲದವರ ಮೇಲೆ ತೂರಿದ ಮಣ್ಣು ತೂರಿದವರ ಮನೆಗೇ ಹೊಳ್ಳಿ ಬರುತ್ತದೆ. ಹಾಗಾಗಿ ನೂರು ಸಲ ಯೋಚಿಸಿ ತೂರುತ್ತಾರೆ. ಹುಲುಗಮ್ಮ ಜೀವನದಲ್ಲಿ ಯಾರ ಮೇಲೂ ತೂರಿದವಳಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಅವಳ ಪಕ್ಕದಲ್ಲಿ ಕೂತಿದ್ದೆ. ಬಾಯಿ ಬಿಡಲು ಅಷ್ಟು ಹೊತ್ತು ಸಾಕಾಗಿತ್ತು.

ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಅವಳು ಸೆರಗು ಬಿಚ್ಚಿದಳು. "ನನ್ನ ಕೆಂಚಿಗೆ ಕತ್ತರಿ ಹಾಕಿ ಹರಡಿಸಿದಾಕಿ! ನಿನ್ನ ಕೈ ಮಣ್ಣಾಗ್ಲಿ! ನಿನ್ನ ಬಾಗಲಾ ಮಣ್ಣಾಗ್ಲಿ!" ಎಂದು ಕೂಗಿ ತೂರಿದಳು. ಡಾಕ್ಟರಮ್ಮ ಆಗತಾನೆ ಹೊರಗೆ ಬಂದಿದ್ದಳು. ಕೂದಲ ಮೇಲೆ, ಬಿಳಿ ಕೋಟಿನ ಮೇಲೆ ಮಣ್ಣು. ನಾಯಿ, ಬೆಕ್ಕು ಹಿಡಿದು ಕೂತಿದ್ದವರೆಲ್ಲ ಎದ್ದು ನಿಂತರು, ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಡಾಕ್ಟರಮ್ಮ ಹುಲುಗಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ರಿಪೋರ್ಟು ನೀವು ಹೇಳಲಿಲ್ಲವೇ ಎಂದು ಆ ಕಣ್ಣು ಕೇಳುತ್ತಿತ್ತು. ನಾನು ಹುಲುಗಮ್ಮನ ರಟ್ಟೆ ಹಿಡಿದು, "ನಡಿಯವ್ವ, ನಡಿ," ಎಂದು ಎಳೆದುಕೊಂಡು ಬಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗಾದೆಯಲ್ಲಿ ಬರೆ ಹಾಕಿದವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ವಿಡಿಯೋ ಎಲ್ಲರ ಸ್ಟೇಟಸ್ಸಿಗೆ ಬಂತು. ಹತ್ತು ದಿನಕ್ಕೆ ಗಾದಿಗನೂರಿನ ಬಸಕ್ಕ ನನಗೆ ಫೋನ್ ಮಾಡಿದಳು. ಅವಳ ನಾಯಿಗೆ ಹುಣಸೆಬೀಜದಷ್ಟು ಗಂಟು, ಶಾಂಭವಿ ಡಾಕ್ಟರ ಹತ್ತಿರ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಹೋಗಲಿಲ್ಲವಂತೆ. ನಾನು ಓಡಿದೆ. "ಹೋಗವ್ವ, ಈಗ ತೆಗಿಸಿದ್ರ ಉಳೀತೈತಿ, ಸಣ್ಣದೈತಿ," ಎಂದು ಕೈಮುಗಿದೆ.

"ನೀವೇ ಹಿಂಗಂದ್ರ ಹೆಂಗ್ರಿ? ಹುಲುಗಮ್ಮನ ನಾಯಿ ಏನಾತು ನೋಡಿಲ್ಲೇನು? ನಾ ಒಲ್ಲೆ. ನಿಮ್ಮ ಸೂಜೀನ ಹಾಕ್ರಿ," ಅಂದಳು ಬಸಕ್ಕ.

ಅವಳ ಹಿಂದೆ ಗೋಡೆಯಲ್ಲಿ ಕ್ಯಾಲೆಂಡರು. ಅದರಲ್ಲಿ ಕೆಂಪು ಸುತ್ತು, 'ನಾಯಿ' ಎಂದು ನನ್ನ ಅಕ್ಷರ. ಎಷ್ಟು ಮನೆಯ ಗೋಡೆಯ ಮೇಲೆ ಆ ಅಕ್ಷರವಿದೆ ಎಂದು ಅಲ್ಲೇ ನಿಂತು ನೆನೆಸಿಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಬಸಕ್ಕ ಹೋಗುತ್ತಿದ್ದಳೋ ಏನೋ. ನಾನು ಹೇಳಲಿಲ್ಲ. ಸೂಜಿ ಮಾತ್ರ ಹಾಕದೆ, ಔಷಧಿ ಖಾಲಿಯಾಗಿದೆ ಎಂದು ಇನ್ನೊಂದು ಸುಳ್ಳು ಹೇಳಿ ಬಂದೆ.

ಪಂಚಮಿ ಬಂತು. ಬೆಳಿಗ್ಗೆ ಹತ್ತರ ಬಸ್ಸಿಗೆ ಹುಲುಗಮ್ಮ ಇಳಿದಳು. ಒಂದು ಕೈಯಲ್ಲಿ ಉಂಡಿ ಡಬ್ಬಿ, ಇನ್ನೊಂದರಲ್ಲಿ ಟವೆಲ್ಲಿನಲ್ಲಿ ಸುತ್ತಿದ ಎರಡು ತಿಂಗಳ ಹೆಣ್ಣುಮರಿ. ಆರು ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ.

"ಮಗಳು ಕಳಿಸ್ಯಾಳ, ಸಂಡೂರಿಂದ. ಕೆಂಚಿ ಬಣ್ಣನ ಐತಿ ನೋಡು," ಎಂದು ಮರಿಯನ್ನು ಕೌಂಟರಿನ ಮೇಲೆ ಇಟ್ಟಳು. "ಅಣ್ಣಾ, ಇದಕ್ಕ ಮೊದಲ ಬೆದಿ ಬರೂಕಿಂತ ಮುಂಚೇನ ನಿನ್ನ ಸೂಜಿ ಹಾಕಿಬಿಡು. ಕತ್ತರಿ ಸವಾಸನ ಬ್ಯಾಡ ನನಗ. ತಾರೀಖು ಬರಕೊಡು, ಕ್ಯಾಲೆಂಡರ್ನ್ಯಾಗ ಹಚ್ಚತೀನಿ."

ಮರಿ ನನ್ನ ಬೆರಳು ಹಿಡಿದು ಜಗಿಯತೊಡಗಿತು. ಅದರ ಹೊಟ್ಟೆ ಗುಲಾಬಿ ಬಣ್ಣದ್ದು, ಮೊಲೆಗಳು ಸಾಸಿವೆ ಕಾಳಿನಷ್ಟು.

ನನಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. "ಹುಲುಗವ್ವ, ಕೆಂಚಿ ಸತ್ತದ್ದು ಕತ್ತರಿಯಿಂದ ಅಲ್ಲ. ನನ್ನ ಸೂಜಿಯಿಂದ," ಅಂದೆ. ಎಲ್ಲ ಹೇಳಿದೆ. ಡಾಕ್ಟರಮ್ಮ ಕೇಳಿದ್ದು, ನಾನು ಇಲ್ಲ ಅಂದದ್ದು, ರಿಪೋರ್ಟಿನಲ್ಲಿ ಇದ್ದದ್ದು, ಕ್ಲೀನ್ ಐತಿ ಎಂದು ನಾನೇ ಕಟ್ಟಿ ಹೇಳಿದ್ದು.

ಅವಳು ಮರಿಯ ಬೆನ್ನು ಸವರಿದಳು. ಆಮೇಲೆ ಕೇಳಿದಳು: "ಸೂಜಿಯಿಂದ ಅಂತ ಯಾವಾಗ ಗೊತ್ತಾತು ನಿನಗ?"

"ಆಪರೇಷನ್‌ಗಿಂತ ಮುಂಚೆ."

"ಸೂಜಿ ಹಾಕಿದ್ದಕ್ಕ ನಾ ಏನೂ ಅನ್ನಂಗಿಲ್ಲ. ನಿನಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನ ಕರೆಸಿ ಹಾಕಿಸೀನಿ." ಅವಳ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಆದ್ರ ಆ ಹುಡುಗಿ ಮ್ಯಾಲೆ ನಾ ಮಣ್ಣು ತೂರುವಾಗ ನೀ ಬಾಜೂಕ ನಿಂತಿದ್ದಿ. ಗೊತ್ತಿದ್ದೂ ನಿಂತಿದ್ದಿ. ನನ್ನ ಕೈ ಹಿಡೀಲಿಲ್ಲ. ನನ್ನ ಕೆಂಚಿ ಗುಂಡಿ ಮಣ್ಣು ಅದು."

"ತಪ್ಪಾತವ್ವ…"

ಅವಳು ಅಂಗಡಿಯ ಮೆಟ್ಟಿಲಿಳಿದು ಬಗ್ಗಿ ಒಂದು ಹಿಡಿ ಮಣ್ಣು ತೆಗೆದಳು. ತೂರಲಿ ಎಂದು ನಾನು ಕಣ್ಣು ಮುಚ್ಚಿ ನಿಂತೆ. ನಿಜಕ್ಕೂ ಬೇಕಾಗಿತ್ತು ನನಗೆ ಅದು.

"ಕೈ ಚಾಚು," ಅಂದಳು. ಚಾಚಿದೆ. ಮಣ್ಣನ್ನು ನನ್ನ ಅಂಗೈಯಲ್ಲಿ ಸುರಿದು ಬೆರಳು ಮಡಿಸಿದಳು. "ತೂರಾಕ ಇನ್ನ ನನಗ ಕೈ ಬರಂಗಿಲ್ಲ, ಒಮ್ಮೆ ತೂರಿ ಕೆಟ್ಟೀನಿ. ಇದು ನಿಂದು, ನೀನ ಇಟ್ಕ."

ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಳು. ಹೊಸಪೇಟೆ ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನಲ್ಲ, ಪಕ್ಕದ ಹೂವಿನವಳನ್ನು ಕೇಳಿದಳು. ಡಾಕ್ಟರಮ್ಮನ ಕಾಲು ಹಿಡಿಯಲು ಹೊರಟಿದ್ದಳು, ಮರಿಯನ್ನು ಆಪರೇಷನ್ನಿಗೆ ಬರೆಸಲು ಹೊರಟಿದ್ದಳು. ನಾಲ್ಕು ಹೆಜ್ಜೆ ಹೋದವಳನ್ನು ನಾನು ಕರೆದೆ. "ಉಂಡಿ ಡಬ್ಬಿ ಇಲ್ಲೇ ಐತವ್ವ."

ತಿರುಗಿ ನೋಡದೆ ಹೇಳಿದಳು: "ತವರಿಗಂತ ತಂದದ್ದು, ಹೊಳ್ಳಿ ಒಯ್ಯಬಾರದು. ಕಾಗಿಗೆ ಹಾಕಿಬಿಡು."

ಸತ್ತವರ ಹೆಸರಿನಲ್ಲಿ ಕಾಗೆಗೆ ಹಾಕುತ್ತಾರೆ. ಅವಳು ಬಸ್ಸು ಹತ್ತುವವರೆಗೆ ಕೈಯಲ್ಲಿ ಮಣ್ಣು ಹಿಡಿದು ಅಲ್ಲೇ ನಿಂತಿದ್ದೆ.

"ಡಾಕ್ಟರೇ," ಎಂದು ಯಾರೋ ಕರೆದರು. ಯಶವಂತನಗರದ ವೇಬ್ರಿಜ್ಜಿನ ಹೊನ್ನೂರುಸ್ವಾಮಿ, ಹಳೆಯ ಗಿರಾಕಿ. ಬೈಕಿನ ಟ್ಯಾಂಕಿನ ಮೇಲೆ ಒಂದು ಎಳೆಯ ಹೆಣ್ಣುನಾಯಿ ಕೂರಿಸಿಕೊಂಡು ಅಷ್ಟು ದೂರದಿಂದ ಬಂದಿದ್ದ. "ಹೊಸಾ ನಾಯ್ರಿ. ಬೆದಿಗೆ ಬರಂಗೈತಿ. ಒಂದು ಸೂಜಿ ಹಾಕ್ರಿ."

"ಆ ಸೂಜಿ ಬ್ಯಾಡ ಮಾರಾಯ. ಅದರಿಂದ ಗಡ್ಡಿ ಬರ್ತಾವ. ಆಪರೇಷನ್ ಮಾಡಸು," ಅಂದೆ.

ಅವನು ನಕ್ಕುಬಿಟ್ಟ. "ಏನ್ ಚಾಷ್ಟಿ ಮಾಡ್ತೀರಿ! ಮೊದಲಿನ ನಾಯಿಗೆ ನೀವ ಹಾಕಿದ್ರಲ್ರಿ. ಐದು ವರ್ಷ ಮಸ್ತ್ ಇತ್ತು."

"ಐದು ವರ್ಷ ಆದ ಮ್ಯಾಲೆ?"

"ಆಮ್ಯಾಲೇನು? ಹೊಟ್ಟಿಗೆ ಎಂಥದೋ ಗಡ್ಡಿ ಎದ್ದು ಸತ್ತು ಹೋತು. ನಾಯಿ ಅಂದ್ರ ಅಷ್ಟ ಅಲ್ರಿ," ಎಂದು ಹೇಳಿ, ನನ್ನಲ್ಲಿ ಸ್ಟಾಕ್ ಇಲ್ಲವೆಂದುಕೊಂಡು ಬೈಕು ತಿರುಗಿಸಿ ಮುಂದಿನ ಅಂಗಡಿಗೆ ಹೋದ.